ನೀಲಿ ಬಳಿದ ಕುರಿಗಳು

ನಾನು ಡಾಕ್ಟರಲ್ಲ. ಈ ಮಾತನ್ನು ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಸಲ ಹೇಳಿದೆನೋ, ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಶು ಆಸ್ಪತ್ರೆಯಲ್ಲಿ ನನ್ನದು ಡಾಕ್ಟರ ಕೈಕೆಳಗಿನ ಇನ್‌ಸ್ಪೆಕ್ಟರ್ ಕೆಲಸ. ಡಾಕ್ಟರ ಹುದ್ದೆ ಹೆಚ್ಚಿನ ಕಾಲ ಖಾಲಿ ಇರುತ್ತಿತ್ತು. ಇದ್ದರೂ ಮೂರು ಆಸ್ಪತ್ರೆಗೆ ಒಬ್ಬರೇ ಇರುತ್ತಿದ್ದರು. ಹಾಗಾಗಿ ಸೂಜಿ ಹಿಡಿದವನೇ ಡಾಕ್ಟರು ಎಂದು ಜನ ತೀರ್ಮಾನ ಮಾಡಿಬಿಟ್ಟಿದ್ದರು. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ಈ ನಾಲ್ಕು ತಾಲ್ಲೂಕು ಬಿಟ್ಟು ಆಚೆಗೆ ನನ್ನ ವರ್ಗಾವಣೆ ಹೋಗಲೇ ಇಲ್ಲ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತಿದೆ. ಈಗ ನಿವೃತ್ತನಾಗಿ ಮಧುಗಿರಿಯಲ್ಲಿ ಮನೆ ಮುಂದಿನ ಜಗಲಿಯ ಮೇಲೆ ಕೂರುತ್ತೇನೆ. ಎದುರಿಗೆ ಬೆಟ್ಟ, ಮೊಣಕಾಲಲ್ಲಿ ನೋವು. ಆ ಬೆಟ್ಟವನ್ನು ಎಲ್ಲೆಲ್ಲಿಂದಲೋ ಬಂದು ನೋಡಿ ಹೋಗುತ್ತಾರೆ. ನನಗೆ ಮಾತ್ರ ಅದನ್ನು ನೋಡಿದರೆ ಐಸ್ ಡಬ್ಬಿ ಕಟ್ಟಿಕೊಂಡು ಅದರ ಸುತ್ತಲಿನ ರಸ್ತೆಗಳಲ್ಲಿ ಬೈಕ್ ಓಡಿಸಿದ್ದೇ ನೆನಪಾಗುತ್ತದೆ.

ಐಸ್ ಡಬ್ಬಿಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುರಿಗೆ ಹಿರೇಬೇನೆ ಎಂಬ ರೋಗ ಬರುತ್ತದೆ. ಮೂಗು ಸೋರುತ್ತದೆ, ಬಾಯಿ ಹುಣ್ಣಾಗುತ್ತದೆ, ಭೇದಿ ಹತ್ತಿಕೊಳ್ಳುತ್ತದೆ, ಒಂದು ವಾರದಲ್ಲಿ ಅರ್ಧ ಮಂದೆ ಮಲಗಿಬಿಡುತ್ತದೆ. ಬಂದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ಬರುವ ಮುಂಚೆ ಒಂದು ಸೂಜಿ ಹಾಕಿದರೆ ಕೆಲವು ವರ್ಷ ಚಿಂತೆಯಿಲ್ಲ. ಅಷ್ಟು ಒಳ್ಳೆಯ ಲಸಿಕೆ ಅದು. ಆದರೆ ಅದಕ್ಕೆ ಬಿಸಿಲು ಆಗದು. ಐಸಿನಲ್ಲೇ ಬರಬೇಕು, ಐಸಿನಲ್ಲೇ ಇರಬೇಕು, ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಖರ್ಚಾಗಬೇಕು. ನಮ್ಮ ಕಡೆ ಬಿಸಿಲಿನ ಸಂಗತಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಫ್ರಿಜ್ಜು ಕರೆಂಟಿದ್ದಾಗ ಫ್ರಿಜ್ಜು, ಇಲ್ಲದಾಗ ಬೀರು. ಶಿರಾದಲ್ಲಿದ್ದಾಗ ಒಬ್ಬ ಶರಬತ್ತಿನ ಅಂಗಡಿಯ ಸಾಹೇಬರು ನನ್ನ ಡಬ್ಬಿಗೆ ಐಸ್ ತುಂಬಿ ಕಳಿಸುತ್ತಿದ್ದರು. ಮೂಕಪ್ರಾಣಿಯ ಕೆಲಸ, ಒಯ್ಯಿರಿ ಎನ್ನುತ್ತಿದ್ದರು. ಅಂಥವರು ಇಲ್ಲದ ಊರುಗಳಲ್ಲಿ ನಾನು ಬೇಕರಿ, ಸೋಡಾ ಅಂಗಡಿ ಅಂತ ಅಲೆದಿದ್ದೇನೆ.

ಕುರಿಯವರ ಕಷ್ಟ ಇದಕ್ಕಿಂತ ದೊಡ್ಡದು, ಅದೂ ಊರೂರು ಸುತ್ತುವ ಕುರಿಯವರದು. ಪಾವಗಡದ ಕಡೆಯ ಹಟ್ಟಿಗಳವರು ಸುಗ್ಗಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಮಧುಗಿರಿ ದಾಟಿ ಕೊರಟಗೆರೆ ಕಡೆ ಇಳಿಯುತ್ತಾರೆ. ಮೊದಲು ಇಷ್ಟು ಬೇಗ ಹೊರಡುತ್ತಿರಲಿಲ್ಲ. ಕ್ಯಾತಗಾನಚೆರ್ಲು ಸುತ್ತಮುತ್ತಲ ಜಮೀನಿನ ಮೇಲೆ ಸೋಲಾರ್ ಹಾಸಿದ ಮೇಲೆ, ಖಾಲಿ ಹೊಲದಲ್ಲಿ ಮೇಯುತ್ತಿದ್ದ ಕುರಿಗಳು ಬೇಲಿಯ ಈಚೆ ನಿಂತವು. ಜಮೀನಿದ್ದವರಿಗೆ ಗುತ್ತಿಗೆ ಆಯಿತು, ಕುರಿಗೆ ಯಾವ ಕಾಗದವೂ ಇರಲಿಲ್ಲ. ಕೊರಟಗೆರೆ ಕಡೆ ರೈತರು ತಮ್ಮ ಹೊಲದಲ್ಲಿ ಇವರ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. ಎರಡು ದಿನ ಒಂದು ಹೊಲ, ಮೂರು ದಿನ ಇನ್ನೊಂದು, ಹೀಗೆ ಮಳೆ ಬೀಳುವವರೆಗೆ ನಡೆಯುತ್ತಲೇ ಇರುತ್ತಾರೆ.

ಲಸಿಕೆ ಬರುವುದು ಊರಿನ ಲೆಕ್ಕದಲ್ಲಿ. ಈ ಊರಿನಲ್ಲಿ ಇಷ್ಟು ಕುರಿ, ಇಷ್ಟು ಔಷಧಿ. ನನ್ನ ರಿಜಿಸ್ಟರಿನ ಮೊದಲ ಕಲಮೇ ಗ್ರಾಮ. ಪಾವಗಡದ ಕುರಿ ಕೊರಟಗೆರೆಯ ಹೊಲದಲ್ಲಿ ನಿಂತರೆ ಅದು ಯಾವ ಗ್ರಾಮದ್ದು? ಇಲ್ಲಿಯವರು ನಿಮ್ಮೂರಿಗೆ ಹೋದಾಗ ಹಾಕಿಸಿಕೊಳ್ಳಿ ಎನ್ನುತ್ತಾರೆ. ಅಲ್ಲಿಯವರು ಲಸಿಕೆ ತಂದ ದಿನ ಹಟ್ಟಿಯಲ್ಲಿ ಕುರಿಯೇ ಇರುವುದಿಲ್ಲ. ನಾನೂ ಹಾಗೆ ಹೇಳಿ ಸಾಗಹಾಕಿದವನೇ. ಹೇಳಿ ಹೇಳಿ ಅದು ನ್ಯಾಯದ ಮಾತು ಎಂದೇ ಅನ್ನಿಸತೊಡಗಿತ್ತು.

ಹಾಗೆ ಸಾಗಹಾಕಿದವರಲ್ಲಿ ಒಬ್ಬಳು ಐವತ್ತು ದಾಟಿದ ಹೆಂಗಸು. ಆಗ ನಾನು ಕೊರಟಗೆರೆ ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿದ್ದೆ. ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕುರಿಗಳನ್ನು ಮೈದುನನ ಸುಪರ್ದಿಗೆ ಕೊಟ್ಟು ಹಟ್ಟಿಯಲ್ಲಿ ಕೂರು ಎಂದು ಮನೆಯವರು ಹೇಳಿದ್ದರಂತೆ. ಇವಳು ಕೇಳಿರಲಿಲ್ಲ. ತನ್ನ ಕುರಿಗಳನ್ನು ಮೈದುನನ ಮಂದೆಯ ಜೊತೆಗೇ ಸೇರಿಸಿ, ತನ್ನದು ತನ್ನದಾಗಿಯೇ ಇಟ್ಟುಕೊಂಡು, ಗಂಡಸರ ಸಮ ನಡೆಯುತ್ತಿದ್ದಳು. ಹೊಲದಿಂದ ಏಳು ಮೈಲಿ ನಡೆದು ಆಸ್ಪತ್ರೆಗೆ ಬಂದಿದ್ದಳು. ಗ್ರಾಮದ ಮಾತು ಹೇಳಿ ಕಳಿಸಿದೆ. ಮತ್ತೆ ಬಂದಳು. ಔಷಧಿ ಬಂದಿಲ್ಲ ಎಂದೆ, ಅದು ನಿಜವೂ ಆಗಿತ್ತು. ಮೂರನೆಯ ಸಲ ನಾನು ಮೀಟಿಂಗಿಗೆ ಹೋಗಿದ್ದೆ. ಮಧ್ಯಾಹ್ನದವರೆಗೆ ಬೇವಿನ ಮರದಡಿ ಕೂತಿದ್ದು ಹೋದಳೆಂದು ಜವಾನ ಹೇಳಿದ. ನಾಲ್ಕನೆಯ ಸಲ ಬಂದವಳು ಒಳಗೆ ಬಂದು ಕೂರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

“ಸಾರು, ನಾವು ಯಾವೂರ್ಗೂ ಸೇರಿಲ್ಲಾಂತ ನಮ್ ಗೊರ್ರೆಲ್ಗೆ ರೋಗಾನೂ ಬರಾಕಿಲ್ವಾ?”

ಗೊರ್ರೆ ಎಂದರೆ ಅವರ ಕಡೆಯ ತೆಲುಗಿನಲ್ಲಿ ಕುರಿ. ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಅವಳು ತಿಳಿದುಕೊಳ್ಳುವವಳ ಹಾಗೆ ಕೇಳಿದಳು. ನನಗೆ ನಾಚಿಕೆಯಾಯಿತು. ಬೇರೆ ಊರಿನ ಲೆಕ್ಕದಲ್ಲಿ ಉಳಿದ ಔಷಧಿಯಲ್ಲಿ ಹೊಂದಿಸಿಕೊಂಡು ಬರುತ್ತೇನೆ, ಬುಧವಾರ, ಗುರುವಾರ ಎರಡು ದಿನ, ಎಂದು ಮಾತು ಕೊಟ್ಟೆ. ಕುರಿ ಎಷ್ಟಿವೆ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಕುರಿಯ ಎಣಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ಅವಳು ಇದಾವೆ ಸಾರು, ಮಂದೆ ಎಲ್ಲಾ ಸೇರಿ ಐದು ಬಾಟ್ಲು ಬೇಕಾಯ್ತವೆ ಎಂದಳು. ಒಂದು ಬಾಟಲಿ ನೂರು ಕುರಿಗೆ. ಅಷ್ಟರಲ್ಲಿ ನಾನು ಅಂದಾಜು ಮಾಡಿಕೊಳ್ಳಬೇಕು.

ಸೂಜಿ ಹಾಕಿದ ಕುರಿಗೆ ಗುರುತು ಮಾಡಬೇಕು, ಇಲ್ಲದಿದ್ದರೆ ಒಂದಕ್ಕೇ ಎರಡು ಸಲ ಬೀಳುತ್ತದೆ. ಇಲಾಖೆ ಕೊಟ್ಟಿದ್ದ ಬಣ್ಣದ ಕಡ್ಡಿ ಮುಗಿದು ತಿಂಗಳಾಗಿತ್ತು. ಬುಧವಾರ ಬೆಳಿಗ್ಗೆ ಹೊಳವನಹಳ್ಳಿಯಲ್ಲಿ ಬೈಕ್ ನಿಲ್ಲಿಸಿ, ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಏನಾದರೂ ಬಣ್ಣ ಕೊಡಪ್ಪ ಎಂದೆ. ಅವನ ಹತ್ತಿರ ಇದ್ದದ್ದು ನೀಲಿ ಪುಡಿ ಒಂದೇ. ಪೊಟ್ಟಣ ಕಟ್ಟುತ್ತಾ, ಮೊನ್ನೆ ಸಂತೆಯ ದಿನ ಕುರಿಯಮ್ಮ ಒಬ್ಬಳು ಇದನ್ನೇ ನಾಲ್ಕು ಪೊಟ್ಟಣ ಒಯ್ದಳು, ಇವತ್ತು ನೀವು, ಇದರಲ್ಲಿ ಏನು ಮಾಡುತ್ತೀರಿ ಸ್ವಾಮಿ ಎಂದು ಕೇಳಿದ. ಐಸ್ ಕರಗುತ್ತದೆ ಬೇಗ ಕೊಡು ಎಂದೆ. ಆ ಮಾತು ಈಗಲೂ ಕಿವಿಯಲ್ಲಿದೆ. ಅವತ್ತು ಕಿವಿಯ ಮೇಲೆ ಬಿದ್ದು ಹೋಯಿತು ಅಷ್ಟೆ.

ಕುರಿಯವರ ಬಣ್ಣದ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ಮನೆಯ ಕುರಿ ಒಂದು ಮಂದೆಯಾಗಿ ಹೊರಟಾಗ ಯಾರದು ಯಾವುದು ಎಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಬಣ್ಣ, ಒಂದೊಂದು ಜಾಗ. ಒಬ್ಬರು ಭುಜದ ಮೇಲೆ ಕೆಮ್ಮಣ್ಣು ಬಳಿದರೆ ಇನ್ನೊಬ್ಬರು ಬೆನ್ನಿನ ಮೇಲೆ ಟಾರು ಹಚ್ಚುತ್ತಾರೆ. ತಂದೆಯ ಬಣ್ಣ ಮಗನಿಗೆ ಬರುತ್ತದೆ. ಬಣ್ಣ ಇದ್ದವರಿಗೆ ಮಂದೆಯಲ್ಲಿ ಮಾತು ಇರುತ್ತದೆ. ಎಲ್ಲಿಗೆ ಹೋಗಬೇಕು, ಯಾವ ಹೊಲದಲ್ಲಿ ನಿಲ್ಲಬೇಕು ಎಂದು ಹೇಳಬಹುದು. ಅವಳ ಗಂಡನ ಮನೆಯ ಹಿರಿಯ ಪಾಲಿನ ಬಣ್ಣ ನೀಲಿ, ಬಲ ಸೊಂಟದ ಮೇಲೆ ಅಂಗೈಯಗಲ. ಇದನ್ನು ನಾನು ಕೇಳಿ ತಿಳಿದದ್ದು ಆಮೇಲೆ.

ಬುಧವಾರ ಮೂರು ಬಾಟಲಿ ಮುಗಿಸಿದೆವು. ಬಲೆ ಕಟ್ಟಿದ ಆವರಣದೊಳಗೆ ಮೈದುನ ಮತ್ತು ಉಳಿದ ಗಂಡಸರು ಹೆಚ್ಚಾಗಿ ತಮ್ಮ ತಮ್ಮ ಕುರಿಗಳನ್ನೇ ಹಿಡಿದು ಕೊಡುವರು, ನಾನು ಚುಚ್ಚುವೆ, ಜವಾನ ನೀಲಿಯಲ್ಲಿ ಅದ್ದಿದ ಬೆರಳನ್ನು ಕೈಗೆ ಸಿಕ್ಕ ಕಡೆ ಎಳೆಯುವನು. ಕತ್ತಿನ ಮೇಲೋ ಬೆನ್ನಿನ ಮೇಲೋ ಸೊಂಟದ ಮೇಲೋ. ಧೂಳು, ಕುರಿಗಳ ಕೂಗು, ಬಿಸಿಲು. ಆ ಹೆಂಗಸು ಇರಲಿಲ್ಲ. ಮುಂದಿನ ಹೊಲ ಗೊತ್ತು ಮಾಡಲು ಆಚೆ ಊರಿಗೆ ಹೋಗಿದ್ದಳು. ಮುಂದೆ ಹೋಗಿ ನೀರು, ನೆಲ ನೋಡಿ ಬರುವ ಕೆಲಸ ಆ ಮಂದೆಯಲ್ಲಿ ಅವಳದು, ಅದನ್ನು ಅವಳು ಹೆಮ್ಮೆಯಿಂದ ಮಾಡುತ್ತಿದ್ದಳಂತೆ. ಗುರುವಾರ ಇನ್ನೆರಡು ಬಾಟಲಿ ತಂದೆ. ನನಗೆ ಹಿಂದಿನ ದಿನದ ಬೆನ್ನುನೋವು, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಕರು ಸಿಕ್ಕಿಹಾಕಿಕೊಂಡ ಹಸುವಿಗೆ ಹೋಗಬೇಕಿತ್ತು. ಬಲೆಯೊಳಗೆ ಇಳಿಯುತ್ತಲೇ ಗಟ್ಟಿಯಾಗಿ ಹೇಳಿದೆ: ನೀಲಿ ಇರುವುದನ್ನೆಲ್ಲ ಈಚೆ ಬಿಡಿ, ಅವು ಆಗಿವೆ.

ಗಂಡಸರು ಬಿಟ್ಟರು. ಒಬ್ಬರೂ ಎದುರು ಹೇಳಲಿಲ್ಲ. ಡಾಕ್ಟರು ಹೇಳಿದ ಮೇಲೆ ಅದೇ ಸರಿ ಎಂದುಕೊಂಡರೋ, ಸರ್ಕಾರದ್ದು ಇಷ್ಟೇ ಇರಬೇಕು, ಸಿಕ್ಕಷ್ಟು ನಮ್ಮವಕ್ಕಾಗಲಿ ಎಂದುಕೊಂಡರೋ, ನನಗೆ ಗೊತ್ತಿಲ್ಲ. ಕೆಲಸ ಬೇಗ ಮುಗಿಯಿತು. ಕೊನೆಯ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆಗಲಾದರೂ ನಾನು ಯೋಚಿಸಬೇಕಿತ್ತು. ಆದರೆ ಇವರು ಕುರಿಯ ಎಣಿಕೆ ಸರಿಯಾಗಿ ಎಲ್ಲಿ ಹೇಳುತ್ತಾರೆ, ಹೆಚ್ಚು ಔಷಧಿ ಇರಲಿ ಎಂದು ಐದು ಬಾಟಲಿ ಅಂದಿರುತ್ತಾಳೆ ಎಂದುಕೊಂಡು ಉಳಿದದ್ದನ್ನು ನಿಯಮದ ಪ್ರಕಾರ ಚೆಲ್ಲಿಬಿಟ್ಟೆ. ಬೈಕ್ ಹತ್ತುವಾಗ ಅವಳು ದಾರಿಯಲ್ಲಿ ಎದುರಾದಳು. ಬೆವರು ಒರೆಸಿಕೊಳ್ಳುತ್ತಾ ತನ್ನವಕ್ಕೂ ಆಯಿತೇ ಎಂದು ಕೇಳಿದಳು.

“ಎಲ್ಲಾ ಆಯ್ತು ಕಣಮ್ಮ, ಒಂದೂ ಬಿಟ್ಟಿಲ್ಲ,” ಎಂದೆ.

ಅವಳು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹುಣಸೆಹಣ್ಣನ್ನು ನನ್ನ ಬ್ಯಾಗಿಗೆ ಹಾಕಿದಳು. ಬೇಡವೆಂದರೂ ಕೇಳಲಿಲ್ಲ. ಮನೆಯಲ್ಲಿ ಅದರ ಸಾರು ತಿಂಗಳುಗಟ್ಟಲೆ ಉಂಡೆವು.

ಮೂರು ವಾರವಾಗಿರಬೇಕು. ಸುತ್ತಮುತ್ತ ಹಿರೇಬೇನೆ ಎದ್ದಿತು. ಆ ಮಂದೆಯಿಂದಲೂ ಕರೆ ಬಂತು. ಲಸಿಕೆ ಹಾಕಿದ ಮಂದೆಯಲ್ಲಿ ಇದು ಹೇಗೆ ಎಂದು ಸಿಡುಕುತ್ತಲೇ ಹೋದೆ. ಹೊಲದ ಬದುವಿನ ಉದ್ದಕ್ಕೂ ಕುರಿಗಳು ಸತ್ತು ಬಿದ್ದಿದ್ದವು. ಇನ್ನೂ ನಿಂತಿದ್ದ ಕುರಿಗಳು ಮೂಗು ಕಟ್ಟಿಕೊಂಡು ಬಾಯಿ ತೆರೆದು ಉಸಿರಾಡುತ್ತಿದ್ದವು. ಮೈದುನನ ಕುರಿಗಳಿಗೆ ಏನೂ ಆಗಿರಲಿಲ್ಲ. ಉಳಿದ ಮನೆಗಳವಕ್ಕೂ ಆಗಿರಲಿಲ್ಲ. ನಾನು ಒಂದು ಸತ್ತ ಕುರಿಯನ್ನು ಮಗುಚಿದೆ. ಬಲ ಸೊಂಟದ ಮೇಲೆ ಅಂಗೈಯಗಲ ನೀಲಿ. ಇನ್ನೊಂದರ ಮೇಲೂ ಅದೇ, ಮತ್ತೊಂದರ ಮೇಲೂ ಅದೇ. ಬೆರಳಿನ ಗೆರೆ ಒಂದರ ಮೇಲೂ ಇರಲಿಲ್ಲ. ಹೊಳವನಹಳ್ಳಿಯ ಅಂಗಡಿಯವನ ಮಾತು ಆಗ ನೆನಪಾಯಿತು.

ಅವಳು ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ರಾಗಿ ಗಂಜಿ ಬಿಡುತ್ತಿದ್ದಳು. ಸೂಜಿ ಹಾಕಿಸಿದರೂ ಹೀಗಾಯಿತಲ್ಲ ಸಾರು ಎಂದಳು. ಗಂಡಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಹೇಳಲಿಲ್ಲ. ಐಸ್ ಕರಗಿ ಔಷಧಿ ಕೆಟ್ಟಿರಬಹುದು, ಕೊನೆಯ ಬಾಟಲಿ ಇವಕ್ಕೆ ಬಿದ್ದಿರಬೇಕು, ನಾವೇನು ಮಾಡೋಣ, ಸರ್ಕಾರದ ವ್ಯವಸ್ಥೆ ಹಾಗಿದೆ ಎಂದೆ. ಬೇರೆ ಲೆಕ್ಕದ ಔಷಧಿ ತಂದದ್ದಕ್ಕೆ ಮೆಮೊ ಬರುತ್ತದೆ ಎಂಬ ಹೆದರಿಕೆಯಿತ್ತು. ಅದು ಅರ್ಧ ಕಾರಣ. ಉಳಿದರ್ಧ ಹೆದರಿಕೆಯಲ್ಲ, ಸುಸ್ತು. ಇನ್ನೊಬ್ಬರ ಕಣ್ಣೆದುರು ತಪ್ಪಿತಸ್ಥನಾಗಿ ನಿಲ್ಲುವುದಕ್ಕೂ ಮೈಯಲ್ಲಿ ಕಸುವು ಬೇಕು. ಅವತ್ತು ನನಗೆ ಅದಿರಲಿಲ್ಲ. ಸತ್ತ ಕುರಿಗಳನ್ನು ಎಣಿಸಿ ವರದಿ ಬರೆದುಕೊಂಡೆ. ಸತ್ತದ್ದನ್ನು ಎಣಿಸಬಹುದು, ಅದಕ್ಕೆ ದೃಷ್ಟಿ ತಾಗುವುದಿಲ್ಲ. ಹತ್ತು ದಿನ ಹೋಗಿ ಬಂದೆ. ಅವಳಿಗೆ ಉಳಿದದ್ದು ಏಳು. ಬುಧವಾರವೇ ನನ್ನ ಕೈಗೆ ಸಿಕ್ಕಿದ್ದ ಏಳು.

ಸುಳ್ಳು ಹೇಳಿದವನು ಅದು ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮಂದೆಯ ಗಂಡಸರು ಯೋಚನೆ ಮಾಡಿದರು. ಒಂದೇ ಔಷಧಿ, ಒಂದೇ ಕೈ, ಇವಳ ಕುರಿ ಮಾತ್ರ ಯಾಕೆ ಸತ್ತವು? ಅವಳು ಬಣ್ಣ ಹಚ್ಚಿದ ದಿನ ಅಮಾವಾಸ್ಯೆಯಾಗಿತ್ತು ಎಂದು ಯಾರಿಗೋ ನೆನಪಾಯಿತು. ಗಂಡ ಸತ್ತ ಮೇಲೆ ಹೆಂಗಸು ಬಣ್ಣ ಹಚ್ಚಬಾರದಿತ್ತು ಎಂದು ಇನ್ನೊಬ್ಬರು. ನೀಲಿ ಇನ್ನು ಬೇಡ, ಉಳಿದ ಏಳಕ್ಕೂ ಮೈದುನನ ಕೆಮ್ಮಣ್ಣು ಬಳಿಯುವುದು ಎಂದು ತೀರ್ಮಾನವಾಯಿತಂತೆ. ಮುಂದೆ ಹೋಗಿ ಹೊಲ ಗೊತ್ತು ಮಾಡುವ ಕೆಲಸವನ್ನೂ ಅವಳಿಂದ ತೆಗೆದರು. ಇನ್ನೊಂದು ಕಡೆ, ಔಷಧಿಯೇ ಕೆಟ್ಟದ್ದು ಎಂಬ ನನ್ನ ಮಾತು ಹಟ್ಟಿಗೆ ಹೋಗಿ ಅಲ್ಲಿಂದ ಬೇರೆ ಹಟ್ಟಿಗಳಿಗೂ ಹೋಯಿತು. ಸರ್ಕಾರದ ಸೂಜಿ ಬೇಡ ಎಂದು ಅವರು ಬಾಗಿಲು ಹಾಕಿದರು. ಇದೆಲ್ಲ ನನಗೆ ಚೂರುಚೂರಾಗಿ ಕಿವಿಗೆ ಬೀಳುತ್ತಿತ್ತು. ಒಂದೊಂದು ಚೂರು ಬಿದ್ದಾಗಲೂ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ನಾಳೆ ಎಂದುಕೊಳ್ಳುತ್ತಿದ್ದೆ.

ಮೀಟಿಂಗುಗಳಲ್ಲಿ ಮಾತ್ರ ಬಾಯಿ ಬಂತು. ಸುತ್ತುವ ಮಂದೆಗಳನ್ನು ಹೊಲದಲ್ಲಿ ಹುಡುಕಬೇಡಿ, ಹೊರಡುವ ಮುಂಚೆ ಹಟ್ಟಿಯಲ್ಲೇ ಸೂಜಿ ಹಾಕಿ, ದಾರಿಯಲ್ಲಿ ಸಿಕ್ಕಿದರೆ ಗ್ರಾಮ ಕೇಳಬೇಡಿ, ಮಂದೆಯ ಹೆಸರಿನಲ್ಲೇ ಒಂದು ಪುಸ್ತಕ ಕೊಡಿ, ಅದನ್ನು ಎಲ್ಲಿ ತೋರಿಸಿದರೂ ಔಷಧಿ ಸಿಗಲಿ. ಇದನ್ನು ಎಷ್ಟು ಸಲ ಬರೆದು ಕೊಟ್ಟೆನೋ. ಒಬ್ಬ ಅಧಿಕಾರಿ, ನಿಮಗೇಕೆ ಕುರಿಯವರ ಮೇಲೆ ಇಷ್ಟು ಪ್ರೀತಿ ಎಂದು ನಕ್ಕರು. ಪ್ರೀತಿಯಲ್ಲ ಸಾರ್ ಎಂದಷ್ಟೇ ಹೇಳಿ ಕೂತೆ. ನಾನು ಬರೆದದ್ದಕ್ಕೋ, ಮೇಲಿನಿಂದ ಬಂದ ಆದೇಶಕ್ಕೋ, ಕೊನೆಗೆ ಹಟ್ಟಿಗಳಲ್ಲಿ ಮುಂಚಿತವಾಗಿ ಸೂಜಿ ಹಾಕುವುದು ಶುರುವಾಯಿತು. ಫೋನ್ ಮಾಡಿದರೆ ಬರುವ ಆಸ್ಪತ್ರೆ ಗಾಡಿಯೂ ಬಂತು. ಗಾಡಿ ಒಳ್ಳೆಯದೇ. ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕೆಂದರೆ ಗುಡ್ಡ ಹತ್ತಬೇಕು, ಅದು ಬೇರೆ ಮಾತು.

ನೌಕರಿಯ ಕೊನೆಯ ವರ್ಷ ನಾನು ಮತ್ತೆ ಪಾವಗಡ ತಾಲ್ಲೂಕಿನಲ್ಲಿದ್ದೆ. ನಿವೃತ್ತಿಗೆ ಒಂದು ತಿಂಗಳಿರುವಾಗ ಸೂಜಿ ಬೇಡ ಎಂದಿದ್ದ ಹಟ್ಟಿಗಳ ಪಟ್ಟಿ ಬಂತು. ಅವರ ಮನವೊಲಿಸಿ ಬರಬೇಕು. ಅವಳ ಹಟ್ಟಿಯ ಹೆಸರು ಅದರಲ್ಲಿ ಇತ್ತು. ಬೇರೆ ಯಾರನ್ನಾದರೂ ಕಳಿಸಿ ಎನ್ನಬಹುದಿತ್ತು, ಮೊಣಕಾಲಿನ ನೆಪವೂ ಇತ್ತು. ವೈ.ಎನ್.ಹೊಸಕೋಟೆಯಲ್ಲಿ ಟೀ ಕುಡಿದು, ಕೊಯ್ದ ಶೇಂಗಾ ಹೊಲಗಳ ನಡುವೆ ಬೈಕ್ ಬಿಟ್ಟೆ. ಬೆಳಿಗ್ಗೆ ಹತ್ತು ಗಂಟೆ. ಬಿಸಿಲು ಏರುತ್ತಿತ್ತು.

ಹಟ್ಟಿಯ ಗುಡಿಯ ಮುಂದೆ ಗಂಡಸರು ಕೂತಿದ್ದರು, ಮೈದುನನೂ ಇದ್ದ. ತಲೆ ನರೆತಿತ್ತು. ಕುಡಿಯಲು ನೀರು ಕೊಟ್ಟರು, ಗೌರವವಾಗಿಯೇ ಮಾತಾಡಿದರು. ಆದರೆ ಸೂಜಿ ಬೇಡ ಅಂದರು. ಕೆಟ್ಟ ಔಷಧಿಯಿಂದ ಒಂದು ಮನೆ ಹಾಳಾದದ್ದನ್ನು ನೋಡಿದ್ದೇವೆ, ನಿಮಗೇ ಗೊತ್ತಲ್ಲ ಅಂದರು. ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟಿದ್ದರು. ಅಷ್ಟರಲ್ಲಿ ಅವಳು ಆಚೆ ಕೊನೆಯ ಗುಡಿಸಲಿನಿಂದ ಕುರಿಗಳನ್ನು ಹೊಡೆದುಕೊಂಡು ಬಂದಳು. ಯಾರನ್ನೂ ಕೇಳಲಿಲ್ಲ. ನನ್ನ ಮುಂದೆ ತಂದು ನಿಲ್ಲಿಸಿ, ನಮ್ಮವಕ್ಕೆ ಹಾಕಿ ಸಾರು ಎಂದಳು.

ಕುರಿಗಳ ಮೇಲೆ ನೀಲಿ ಇರಲಿಲ್ಲ. ಕೆಮ್ಮಣ್ಣೂ ಇರಲಿಲ್ಲ. ಮೈಮೇಲೆ ಯಾವ ಬಣ್ಣವೂ ಇರಲಿಲ್ಲ. ಎಲ್ಲದರ ಎಡಗಿವಿಯ ತುದಿ ಸಣ್ಣಗೆ ಸೀಳಿತ್ತು. ನಾನು ಒಂದರ ಕಿವಿ ಹಿಡಿದು ನೋಡುತ್ತಿದ್ದುದನ್ನು ಅವಳು ಗಮನಿಸಿದಳು. ನೀಲಿ ಬೇಡ ಅಂದರು, ಕೆಂಪು ನಾನು ಒಲ್ಲೆ ಅಂದೆ ಎಂದು ವಿವರಿಸಿದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು.

“ಇನ್ನು ನೀವು ಯಾವ ಬಣ್ಣ ತಂದ್ರೂ ನಮ್ದರ ಜೊತೆ ಕಲೆಯಾಕಿಲ್ಲ ಸಾರು.”

ಹಿಡಿದಿದ್ದ ಕಿವಿಯನ್ನು ಬಿಟ್ಟೆ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಆವತ್ತೇ ಗೊತ್ತಾಯಿತು ಎಂದಳು. ಉಳಿದ ಏಳರ ಮೈಮೇಲೆ ತನ್ನ ಅಂಗೈ ಗುರುತಿನ ಜೊತೆಗೆ ಬೆರಳಿನ ಗೆರೆಯೂ ಇತ್ತು, ಸತ್ತವುಗಳ ಮೇಲೆ ತನ್ನ ಗುರುತೊಂದೇ ಇತ್ತು. ಅವನ್ನು ಒಂದೊಂದಾಗಿ ಹೂಳಿದವಳು ತಾನೇ, ನೋಡದೆ ಇರುತ್ತೇನೆಯೇ ಎಂದಳು. ಹಾಗಾದರೆ ಯಾಕೆ ಹೇಳಲಿಲ್ಲ, ಅಷ್ಟು ಜನರ ಬಾಯಿಗೆ ಬೀಳುತ್ತಾ ಯಾಕೆ ಸುಮ್ಮನಿದ್ದೆ ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಅವಳ ಮೇಲೆ ರೇಗುತ್ತಿರುವವನ ಹಾಗಿತ್ತು.

“ನಾಕು ಸರ್ತಿ ನಡೆದ್ಮೇಲೆ ಬಂದೋರು ನೀವೊಬ್ರೆ. ಹೇಳ್ಬುಟ್ಟಿದ್ರೆ ನೀವೂ ಬರ್ತಿರಲಿಲ್ಲ.”

ಇಷ್ಟು ವರ್ಷ ನಾನು ನನ್ನ ನೌಕರಿ ಉಳಿಸಿಕೊಳ್ಳಲು ಸುಮ್ಮನಿದ್ದೆ. ಅವಳು ನನ್ನಂಥವನನ್ನು ಉಳಿಸಿಕೊಳ್ಳಲು ಸುಮ್ಮನಿದ್ದಳು. ಸತ್ತುಹೋದ ಅವಳ ಅರವತ್ತು ಕುರಿಗಿಂತ, ಮಂದೆಯಲ್ಲಿ ಅವಳಿಗಿದ್ದ ಮಾತಿಗಿಂತ, ಐಸ್ ಡಬ್ಬಿ ಕಟ್ಟಿಕೊಂಡು ಬರುವ ಒಬ್ಬ ಮನುಷ್ಯ ಅವರಿಗೆ ದೊಡ್ಡವನಾಗಿದ್ದ. ಅವರನ್ನು ಅಂಥ ಸ್ಥಿತಿಯಲ್ಲಿ ಇಟ್ಟವರಲ್ಲಿ ನಾನೂ ಒಬ್ಬ. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಿಲ್ಲ. ಬಂದದ್ದನ್ನು ತಡೆದುಕೊಂಡೆ, ಅಳುವ ಹಕ್ಕು ಅಲ್ಲಿ ನನ್ನದಾಗಿರಲಿಲ್ಲ.

ಗುಡಿಯ ಮುಂದೆ ಕೂತಿದ್ದವರ ಹತ್ತಿರ ಹೋದೆ. ಎದ್ದು ನಿಲ್ಲಬೇಡಿ, ಕೂತೇ ಕೇಳಿ ಎಂದೆ.

“ಔಷಧಿ ಕೆಟ್ಟಿರಲಿಲ್ಲ. ಈಯಮ್ಮನ ಕುರಿಗೆ ನಾನು ಸೂಜೀನೇ ಹಾಕಿರಲಿಲ್ಲ. ಅವರ ನೀಲೀನ ನನ್ನ ನೀಲಿ ಅಂದ್ಕೊಂಡು ಬಿಟ್ಟುಬಿಟ್ಟೆ. ತಪ್ಪು ನಂದು.”

ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಬೀಡಿ ಹಚ್ಚಿ, ಕಡ್ಡಿ ಆರಿಸಿ, ಅದನ್ನೇ ನೋಡುತ್ತಾ ಕೂತ. ಮೈದುನ ನನ್ನ ಕಡೆ ನೋಡಲಿಲ್ಲ. ಅತ್ತಿಗೆಯ ಕಡೆ ನೋಡಿದ, ಬಹಳ ಹೊತ್ತು ನೋಡಿದ. ಅವಳು ಕುರಿಯ ಉಣ್ಣೆಯಲ್ಲಿ ಸಿಕ್ಕ ಮುಳ್ಳು ಕೀಳುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಎದ್ದು, ಪಂಚೆ ಮೇಲೆ ಕಟ್ಟಿ, ತನ್ನ ಕುರಿ ರೊಪ್ಪದ ಮುಳ್ಳುಬೇಲಿ ಸರಿಸಲು ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಉಳಿದವರು ಕೂತೇ ಇದ್ದರು. ಅವರು ಆ ದಿನವೂ ಹಾಕಿಸಲಿಲ್ಲ, ಆಮೇಲೂ ಹಾಕಿಸಿದರೋ ಇಲ್ಲವೋ ನನಗೆ ತಿಳಿಯದು. ಒಂದು ಸುಳ್ಳು ಊರೂರು ತಿರುಗಲು ಎಷ್ಟು ವರ್ಷ ತೆಗೆದುಕೊಂಡಿತೋ ಹಿಂದಕ್ಕೆ ಬರಲೂ ಅಷ್ಟಾದರೂ ಬೇಕಲ್ಲ.

ಮೊದಲು ಅವಳ ಕುರಿಗಳಿಗೇ ಹಾಕಿದೆ. ಅವಳು ಒಂದೊಂದನ್ನೇ ಹಿಡಿದು ಕೊಟ್ಟಳು. ಬಿಸಿಲು ನೆತ್ತಿಗೆ ಬಂದಿತ್ತು, ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತ್ತು. ಮುಂದಿದ್ದವೆಲ್ಲ ಮುಗಿದವು. ಸಿರಿಂಜನ್ನು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನೇರವಾದೆ. ಎಲ್ಲಾ ಆಯಿತು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಹಟ್ಟಿಗೆಲ್ಲ ಕೇಳುವ ಹಾಗೆ ಹೇಳಿದಳು.

“ಇಪ್ಪತ್ಮೂರು ಇದಾವೆ ಸಾರು. ನೀವು ಹಾಕಿದ್ದು ಇಪ್ಪತ್ತೆರಡು.”

ಕುರಿಯವರ ಬಾಯಲ್ಲಿ ಜೀವಂತ ಕುರಿಯ ಎಣಿಕೆಯನ್ನು ನನ್ನ ನೌಕರಿಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಗುಡಿಯ ಮುಂದಿದ್ದವರು ತಿರುಗಿ ನೋಡಿದರು. ಉಳಿದ ಒಂದು ಕುರಿಯನ್ನು ಕಾಲು ನೋವಾಗಿದ್ದರಿಂದ ಗುಡಿಸಲಿನ ಹಿಂದೆ ಕಟ್ಟಿದ್ದಳು. ಸಿರಿಂಜನ್ನು ಮತ್ತೆ ತುಂಬಿಕೊಂಡು, ಕುಂಟುತ್ತಾ ಅಲ್ಲಿಗೆ ಹೋಗಿ, ಅದಕ್ಕೂ ಹಾಕಿ ಬಂದೆ.